ಹೊಸ ಓದುಗರಿಗೆ ಮೊದಲು ‘ಕರ್ವಾಲೊ’ ಕೊಡಿ

ಮಾನ್ಯ ಸಂಪಾದಕರೇ,

ಕನ್ನಡ ಕಾದಂಬರಿ ಎಲ್ಲಿಂದ ಶುರು ಮಾಡಲಿ ಎಂದು ಹುಡುಗರು ಕೇಳಿದರೆ ನಾವು ಸುಮ್ನೆ ದಪ್ಪ ಪುಸ್ತಕಗಳ ಹೆಸರು ಹೇಳಿಬಿಡುತ್ತೇವೆ. ‘ಮಲೆಗಳಲ್ಲಿ ಮದುಮಗಳು’ ನನಗೂ ಪ್ರಾಣ. ಆದರೆ ಮೊದಲ ಓದಿಗೇ ಅದು ಜಾಸ್ತಿ ಆಯಿತು, ಅಲ್ವಾ? ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಜೇನಿನ ಮಂದಣ್ಣ, ಅವನ ಬೆಲೆ ಅರಿತ ವಿಜ್ಞಾನಿ ಕರ್ವಾಲೊ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲರೂ ಹಾರುವ ಓತಿ ಹುಡುಕುತ್ತಾ ಕಾಡು ಹೊಕ್ಕರೆ ಓದುವವರೂ ಹಿಂದೆಯೇ ಹೊರಡುತ್ತಾರೆ.

ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಬಾಲ್ಯದಲ್ಲೇ ವಿಧವೆಯಾದವಳ ಬದುಕನ್ನು ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ಆಳವಾಗಿ ಹೇಳಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಮೆಚ್ಚಿದ ಕಾದಂಬರಿಯ ಬಗ್ಗೆ ಓದುಗರು ನಾಲ್ಕು ಸಾಲು ಬರೆಯಲು ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಜಾಗ ಕೊಡಿ.

– ಒಬ್ಬ ಓದುಗ, ಶಿವಮೊಗ್ಗ