ಸರ್ವರ್ ಡೌನ್ ಆಗಿಲ್ಲ, ದಾರಿ ಬದಲಾಗಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ನಿಮ್ಮ ಓದುಗರ ಪತ್ರಗಳಲ್ಲಿ ಒಂದು ದೂರು ತಪ್ಪದೆ ಬರುತ್ತದೆ. ಬ್ಯಾಂಕಿಗೆ ಹೋದರೆ ‘ಸರ್ವರ್ ಡೌನ್’, ಸೊಸೈಟಿಗೆ ಹೋದರೆ ‘ಸರ್ವರ್ ಡೌನ್’. ಶಿವಮೊಗ್ಗದಲ್ಲಿ ಕೂತು ಒಂದು ಸಹಕಾರಿ ಸಂಸ್ಥೆಯ ಮಲೆನಾಡಿನ ಶಾಖೆಗಳ ರೂಟರ್, ಅಂದರೆ ಮಾಹಿತಿ ಯಾವ ಲೈನಿನಲ್ಲಿ ಹೋಗಬೇಕೆಂದು ನಿರ್ಧರಿಸುವ ಯಂತ್ರ, ನೋಡಿಕೊಳ್ಳುವವಳು ನಾನು. ನಾನು ಕಂಡಂತೆ ಇಂಥ ದಿನಗಳಲ್ಲಿ ಸರ್ವರ್ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಹೋಗಿರುವುದು ಲೈನ್. ಹೊಟ್ಟೆ ಉರಿಯುವ ವಿಷಯ ಏನೆಂದರೆ, ಅದೇ ಶಾಖೆಯಲ್ಲಿ ಎರಡನೇ ಲೈನ್ ಬಾಡಿಗೆ ತಿನ್ನುತ್ತಾ ಸುಮ್ನೆ ಬಿದ್ದಿರುತ್ತದೆ.

ನಮ್ಮ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಶಾಖೆಗಳೆಲ್ಲ ಶಿವಮೊಗ್ಗದ ಮುಖ್ಯ ಕಚೇರಿಗೆ ಜೋಡಿಸಿಕೊಂಡಿವೆ. ಶಾಖೆಯಿಂದ ಶಾಖೆಗೆ ನೇರ ಲೈನ್ ಇಲ್ಲ. ಇದನ್ನೇ ಹಬ್ ಅಂಡ್ ಸ್ಪೋಕ್ ಅನ್ನುತ್ತಾರೆ. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯೂ ಇದೇ ಆಕಾರದ್ದು: ರಾಜಧಾನಿಯಿಂದ ಜಿಲ್ಲೆ, ಜಿಲ್ಲೆಯಿಂದ ತಾಲ್ಲೂಕು, ಒಂದೊಂದು ಲೈನಿಗೆ ಕನಿಷ್ಠ 2 ಎಂಬಿಪಿಎಸ್. ನಮ್ಮ ರಾಜ್ಯದ ಸರ್ಕಾರಿ ಜಾಲ ಕೆಸ್ವಾನ್ ಕೂಡ ಹಾಗೆಯೇ. ಖರ್ಚು ಕಡಿಮೆ, ಕಾವಲು ಸುಲಭ. ತಪ್ಪೇನಿಲ್ಲ.

ತೊಂದರೆ ಇರುವುದು ರೂಟರಿನೊಳಗೆ ದಾರಿ ಬರೆಯುವ ರೀತಿಯಲ್ಲಿ. ಹೊಸನಗರ ಶಾಖೆಯಲ್ಲಿ ಆಗುವುದನ್ನೇ ಹೇಳುತ್ತೇನೆ. ರಸ್ತೆ ಬದಿ ಚರಂಡಿ ತೋಡುವ ಜೆಸಿಬಿ ಎಲ್ಲೋ ದೂರದಲ್ಲಿ ಫೈಬರ್ ಕತ್ತರಿಸುತ್ತದೆ. ಆದರೆ ಶಾಖೆಯ ರೂಟರಿಗೆ ಅದು ಗೊತ್ತೇ ಆಗುವುದಿಲ್ಲ. ಅದರ ಕೇಬಲ್ ಹೋಗಿರುವುದು ಪಕ್ಕದ ಮೇಜಿನ ಮೇಲಿರುವ, ಫೈಬರನ್ನು ಮಾಮೂಲಿ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಡಬ್ಬಿಗೆ. ಆ ಡಬ್ಬಿಗೆ ಕರೆಂಟ್ ಇರುವ ತನಕ ಪೋರ್ಟಿನ ಹಸಿರು ಲೈಟ್ ಉರಿಯುತ್ತಲೇ ಇರುತ್ತದೆ. ಕೈಯಿಂದ ಬರೆದಿಟ್ಟ ಸ್ಟ್ಯಾಟಿಕ್ ರೂಟ್ ನೋಡುವುದು ಆ ಪೋರ್ಟನ್ನು ಮಾತ್ರ. ಪೋರ್ಟ್ ಇದೆ, ಹಾಗಾದರೆ ದಾರಿಯೂ ಇದೆ ಎಂದುಕೊಂಡು ಎಲ್ಲವನ್ನೂ ಸತ್ತ ಲೈನಿಗೆ ಸುರಿಯುತ್ತದೆ. ಬ್ಯಾಕಪ್ಪಿಗೆಂದು ಬರೆದ 4ಜಿ ದಾರಿಗೆ ಸರದಿಯೇ ಬರುವುದಿಲ್ಲ.

ಆಗ ಫೋನ್ ಬರುತ್ತದೆ. ‘ಅಕ್ಕಾ, ಲೈಟ್ ಎಲ್ಲ ಸರಿ ಉಂಟಲ್ಲ?’ ಅನ್ನುತ್ತಾನೆ ಕೌಂಟರಿನ ಹುಡುಗ. ಕೇಬಲ್ ಕೀಳಪ್ಪ ಅನ್ನುತ್ತೇನೆ. ಕಿತ್ತ ಮೇಲೆ ಶಾಖೆ 4ಜಿಗೆ ಹತ್ತುತ್ತದೆ. ಆದರೂ ಪಾಸ್‌ಬುಕ್ ಎಂಟ್ರಿ ಆಗುವುದಿಲ್ಲ! ಯಾಕೆಂದರೆ ಶಿವಮೊಗ್ಗದ ರೂಟರ್ ಉತ್ತರವನ್ನು ಇನ್ನೂ ಹಳೆಯ ಲೈನಿಗೇ ಕಳಿಸುತ್ತಿರುತ್ತದೆ. ಇಲ್ಲಿ ಎಲ್ಲ ಶಾಖೆಗಳೂ ಒಂದೇ ಪೋರ್ಟಿನಲ್ಲಿ ಬಂದು ಸೇರುತ್ತವೆ, ಒಂದು ಶಾಖೆ ಹೋಯಿತೆಂದು ಅದು ಇಳಿಯುವುದಿಲ್ಲ. ಹೋಗುವ ದಾರಿ ಬದಲಾಯಿತು, ಬರುವ ದಾರಿ ಬದಲಾಗಲಿಲ್ಲ. ಅಷ್ಟರಲ್ಲಿ ಪಿಂಚಣಿಗೆ ಬಂದ ಅಜ್ಜಿ ವಾಪಸ್ ಬಸ್ ಹತ್ತಿರುತ್ತಾರೆ.

ಇದಕ್ಕೆ ಮದ್ದು ಹೊಸದೇನಲ್ಲ: ರೂಟರುಗಳು ತಾವೇ ದಾರಿ ಕಲಿಯುವ ಪದ್ಧತಿ. ಅಂಥದ್ದೊಂದು ಓಎಸ್‌ಪಿಎಫ್. ಈಗ ಎಲ್ಲೆಡೆ ಬಳಸುವ ಓಎಸ್‌ಪಿಎಫ್ ಎರಡನೇ ಆವೃತ್ತಿಯ ನಿಯಮ 1998ರದ್ದು. ಅದರಲ್ಲಿ ರೂಟರುಗಳು ಒಂದನ್ನೊಂದು ಮಾತಾಡಿಸುತ್ತವೆ. ಸಾಮಾನ್ಯ ಲೈನಿನಲ್ಲಿ 10 ಸೆಕೆಂಡಿಗೊಮ್ಮೆ ಹಲೋ. 40 ಸೆಕೆಂಡು ಆ ಕಡೆಯಿಂದ ಸದ್ದಿಲ್ಲದಿದ್ದರೆ, ಹಸಿರು ಲೈಟ್ ಏನೇ ಹೇಳಲಿ, ಆ ದಾರಿ ಪಟ್ಟಿಯಿಂದ ಹೊರಗೆ. ಎರಡೂ ತುದಿಯಲ್ಲಿ. ಇದೇ ಮುಖ್ಯ. ಬಿಜಿಪಿ ಎಂಬ ಇನ್ನೊಂದು ಪದ್ಧತಿಯಲ್ಲೂ ಮಾಡಬಹುದು, ಆದರೆ ಬಹಳ ರೂಟರುಗಳಲ್ಲಿ ಅದು 180 ಸೆಕೆಂಡು ಕಾಯುತ್ತದೆ, ಕಡಿಮೆ ಮಾಡಿಕೊಳ್ಳಬೇಕು. ಲೈನ್ ಬದುಕಿದೆಯೇ ಎಂದು ಬಹಳ ಬೇಗ ಬೇಗ ನೋಡುವ ಬಿಎಫ್‌ಡಿ ಸೇರಿಸಿದರೆ ಒಂದು ಸೆಕೆಂಡಿನೊಳಗೆ ದಾರಿ ಬದಲಾಗುವಂತೆಯೂ ಮಾಡಬಹುದು. ಆದರೆ ಮಳೆಯಲ್ಲಿ ನಮ್ಮ ಕಡೆಯ 4ಜಿ ಸಿಗ್ನಲ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಅದರ ಮೇಲೆ ಅಷ್ಟು ಅವಸರ ಮಾಡಿದರೆ ಲೈನ್ ಬಿತ್ತು, ಎದ್ದಿತು, ಬಿತ್ತು ಎಂದು ದಿನವಿಡೀ ಕುಣಿಯುತ್ತದೆ. 40 ಸೆಕೆಂಡು ತಡೆದರೆ ಯಾರ ಗಂಟೂ ಹೋಗುವುದಿಲ್ಲ.

‘ತಾನೇ ದಾರಿ ಕಲಿಯುವ ರೂಟರ್ ತಪ್ಪು ದಾರಿಯನ್ನೂ ಕಲಿಯುತ್ತದೆ’ ಎಂದು ಕೆಲವು ಹಿರಿಯ ಎಂಜಿನಿಯರುಗಳು ಹೆದರಿಸುತ್ತಾರೆ. ಹೆದರಿಕೆಗೆ ಕಾರಣ ಇದೆ. ಒಂದು ಸಣ್ಣ ಶಾಖೆ ‘ಎಲ್ಲದಕ್ಕೂ ನನ್ನ ಕಡೆ ಬನ್ನಿ’ ಎಂದು ಸಾರಿಬಿಟ್ಟರೆ, ಉಳಿದ ಶಾಖೆಗಳ ವ್ಯವಹಾರವೂ ಅದರ ಬಡ ಲೈನಿಗೆ ನುಗ್ಗಬಹುದು. ಅದಕ್ಕೇ ಹಬ್‌ನಲ್ಲಿ, ಅಂದರೆ ಶಿವಮೊಗ್ಗದ ರೂಟರಿನಲ್ಲಿ, ಫಿಲ್ಟರ್ ಹಾಕುವುದು. ಒಂದು ಶಾಖೆಯಿಂದ ಆ ಶಾಖೆಯ ವಿಳಾಸಗಳನ್ನು ಮಾತ್ರ ಒಪ್ಪಬೇಕು, ಬೇರೆಯದನ್ನು ಬಿಸಾಕಬೇಕು. ಈ ಕೆಲಸಕ್ಕೆ ಓಎಸ್‌ಪಿಎಫ್‌ಗಿಂತ ಬಿಜಿಪಿ ಅನುಕೂಲ. ಶಾಖೆಗೂ ಜಿಲ್ಲೆಯ ಪಟ್ಟಿಯೆಲ್ಲ ಬೇಡ. ‘ಗೊತ್ತಿಲ್ಲದ್ದನ್ನೆಲ್ಲ ಶಿವಮೊಗ್ಗಕ್ಕೆ ಕಳಿಸು’ ಎಂಬ ಒಂದೇ ದಾರಿ ಸಾಕು. ಟನಲ್ (ಬೇರೆ ಜಾಲದೊಳಗೆ ಹಾಯಿಸುವ ಖಾಸಗಿ ದಾರಿ) ಹಾಕಿ ಎಲ್ಲ ಶಾಖೆಗಳನ್ನೂ ಒಂದೇ ಓಎಸ್‌ಪಿಎಫ್ ಜಾಲದಲ್ಲಿ ಸೇರಿಸುವವರು ಎಲ್ಲರಿಗೂ ದಾರಿಯ ಪಟ್ಟಿ ಹಂಚುವ ಮುಖಂಡ ರೂಟರಿನ ಆಯ್ಕೆಯಲ್ಲಿ ಶಾಖೆಗಳ ಪ್ರಯಾರಿಟಿ ಸೊನ್ನೆ ಮಾಡಬೇಕು. ಇಲ್ಲದಿದ್ದರೆ ಯಾವುದೋ ಮೂಲೆಯ ಶಾಖೆ ಮುಖಂಡನಾಗಿ ಆಯ್ಕೆಯಾಗಿ, ಅರ್ಧ ಜಾಲಕ್ಕೆ ದಾರಿಯೇ ಸಿಗುವುದಿಲ್ಲ.

ಇಷ್ಟಕ್ಕೂ ಇದಕ್ಕೆ ಹೊಸ ಯಂತ್ರ ಬೇಕಾಗುವುದು ಅಪರೂಪ. ಶಾಖೆಗಳಿಗೆಂದೇ ಮಾರುವ ರೂಟರುಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲ್ಲದಿರುವುದು ಟೆಂಡರಿನಲ್ಲಿ. ನಾನು ನೋಡಿದ ಟೆಂಡರುಗಳಲ್ಲಿ ‘ಎರಡು ಲೈನ್ ಇರತಕ್ಕದ್ದು’ ಎಂದು ಬರೆದು ಕೈ ತೊಳೆದುಕೊಂಡಿರುತ್ತಾರೆ. ಒಂದು ಹೋದರೆ ಇನ್ನೊಂದು ಎಷ್ಟು ಸೆಕೆಂಡಿನಲ್ಲಿ ಹತ್ತಬೇಕು ಎಂಬುದಿಲ್ಲ. ಎರಡೂ ಒಂದೇ ಕಂಬದ ಮೇಲೆ ಬರಬಾರದು ಎಂಬುದೂ ಇಲ್ಲ. ಬಿಲ್ ಪಾಸ್ ಮಾಡುವ ಮೊದಲು ಪರೀಕ್ಷೆ ಆಗಲಿ. ರೂಟರಿನ ಕೇಬಲ್ ಕಿತ್ತು ತೋರಿಸುವುದು ಪರೀಕ್ಷೆಯಲ್ಲ, ಹಾಗೆ ಕಿತ್ತರೆ ಸ್ಟ್ಯಾಟಿಕ್ ರೂಟ್ ಕೂಡ ಬದಲಾಗುತ್ತದೆ. ಡಬ್ಬಿಯಿಂದ ಆಚೆಯ ಫೈಬರ್ ಬಿಚ್ಚಬೇಕು, ಹಸಿರು ಲೈಟ್ ಉರಿಯುತ್ತಿರುವಾಗಲೇ ಕೌಂಟರಿನಲ್ಲಿ ಒಂದು ಎಂಟ್ರಿ ಆಗಬೇಕು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನೊಳಗೆ ನಡೆಯುತ್ತವೆ. ಸದಸ್ಯರು ಡಿವಿಡೆಂಡ್ ಕೇಳುವ ಜೊತೆಗೆ ಇದನ್ನೂ ಕೇಳಲಿ: ಎರಡನೇ ಲೈನಿಗೆ ವರ್ಷಕ್ಕೆ ಎಷ್ಟು ಕಟ್ಟುತ್ತಿದ್ದೀರಿ, ಅದರ ಮೇಲೆ ಕೊನೆಯ ಸಲ ವ್ಯವಹಾರ ನಡೆದದ್ದು ಯಾವತ್ತು?

– ಒಬ್ಬ ನೆಟ್‌ವರ್ಕ್ ಎಂಜಿನಿಯರ್, ಶಿವಮೊಗ್ಗ