ಲೂಯಿಸ್ ಪತ್ರಕ್ಕಿಂತ ಮೊದಲು ನನ್ನ ಪತ್ರ

ಗೆಳೆಯಾ,

ನಿನ್ನೆ ರಾತ್ರಿ ಕಳಿಸಿದ, ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಹೊಲ ಮಾಡೋ ಆಟದ ಸ್ಕ್ರೀನ್‌ಶಾಟ್ ನೋಡಿದೆ. ಪಾರ್ಸ್‌ನಿಪ್ ಸಾಲು ನೆಟ್ಟಗಿದೆ. ಆದರೆ ನಡುವೆ ಎರಡು ಕಡೆ ಗಿಡವೇ ಇಲ್ಲ, ಕಾಗೆ ಕೆಲಸ. ಬೆದರುಬೊಂಬೆ ನಿಲ್ಲಿಸು ಅಂತ ಅವತ್ತೇ ಬಡ್ಕೊಂಡೆ, ನೀನು ಕೇಳಲಿಲ್ಲ. ಹೋಗಲಿ ಬಿಡು, ಇವತ್ತು ಅದರ ಮಾತಲ್ಲ.

ಮೇಲಿನ ಮೂಲೆಯಲ್ಲಿ ತಾರೀಕು ಕಂಡಿತು. ವಸಂತ 8. ಅಂದರೆ ಇವತ್ತು ಆಟ ತೆರೆದ ಕೂಡಲೇ ನಿನಗೆ 9 ಶುರುವಾಗುತ್ತದೆ. ಅದನ್ನು ನೋಡಿಯೇ ಅವಸರದಲ್ಲಿ ಬರೆಯೋಕೆ ಕೂತೆ.

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ವಸಂತದ 24ಕ್ಕೆ ಫ್ಲವರ್ ಡ್ಯಾನ್ಸ್, ಅಂದರೆ ಜೋಡಿಯಾಗಿ ಕುಣಿಯೋ ಹಬ್ಬ. ಹಿಂದಿನ ದಿನ ಬೆಳಗ್ಗೆ, ಅಂದರೆ 23ಕ್ಕೆ, ಮೇಯರ್ ಲೂಯಿಸ್ ಪತ್ರ ನಿನ್ನ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ. ನಾಳೆ ಕಾಡಲ್ಲಿ ಕುಣಿತ ಇದೆ, ಬಾ, ಆದರೆ ಒಂದು ಜೋಡಿ ನೋಡ್ಕೋ ಅನ್ನೋ ಧಾಟಿಯಲ್ಲಿ ಇರುತ್ತದೆ ಅದು. ಒಂದೇ ದಿನದಲ್ಲಿ ಜೋಡಿ ಎಲ್ಲಿಂದ ತರೋದು? ಮೊದಲ ವರ್ಷ ನಾನು ಆ ಪತ್ರ ಓದಿದ ಮೇಲೆ ಓಡಾಡಿದವನು. ಸಿಕ್ಕಸಿಕ್ಕವರ ಕೈಗೆ ಹೂ ಕೊಟ್ಟೆ. ಮಾರನೇ ದಿನ ಆರು ಜನರನ್ನು ಕೇಳಿದೆ, ಆರು ಜನವೂ ಆಗಲ್ಲ ಅಂದರು. ಅವರಲ್ಲಿ ಒಬ್ಬಳು ಊರಿನ ಹುಡುಗಿ ಹೇಲಿ, ಅವಳು ಮುಖ ಕಿವುಚಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಊಟದ ಮೇಜಿನ ಪಕ್ಕ ನಿಂತು ಬೇರೆಯವರ ಕುಣಿತ ನೋಡಿ ಮನೆಗೆ ಬಂದೆ.

ನೀನೂ ಕುಣಿದರೆ ಹೇಲಿ ಜೊತೆಗೇ ಅಂತಿದ್ದೀಯ. ಮೊದಲ ದಿನವೇ ನಿನ್ನ ಬಟ್ಟೆ ನೋಡಿ ಮೂಗು ಮುರಿದವಳೇ ನಿನಗೆ ಬೇಕು. ಸರಿ, ನಿನ್ನ ಇಷ್ಟ. ಆದರೆ ಸ್ವಲ್ಪ ಲೆಕ್ಕ ಹಾಕೋಣ. ಲೆಕ್ಕ ಅಂದರೆ ನೀನು ಓಡಿಹೋಗ್ತೀಯ ಅಂತ ಗೊತ್ತು, ಇದೊಂದು ಓದಿಬಿಡು.

ಕುಣಿಯೋಕೆ ಒಪ್ಪಬೇಕು ಅಂದರೆ ಅವಳ ಹೆಸರಿನ ಮುಂದೆ ನಾಲ್ಕು ಹೃದಯ ತುಂಬಿರಬೇಕು. ಒಂದು ಹೃದಯಕ್ಕೆ ಸ್ನೇಹದ 250 ಪಾಯಿಂಟ್. ನಾಲ್ಕಕ್ಕೆ 1000. ದಿನಕ್ಕೊಮ್ಮೆ ಮಾತಾಡಿಸಿದರೆ 20 ಸಿಗುತ್ತದೆ. ಮಾತಾಡಿಸದೆ ಬಿಟ್ಟ ದಿನ 2 ಕಮ್ಮಿಯಾಗುತ್ತದೆ. ಇಷ್ಟದ ಉಡುಗೊರೆಗೆ 45, ತುಂಬಾ ಇಷ್ಟವಾದದ್ದಕ್ಕೆ 80. ಉಡುಗೊರೆ ವಾರಕ್ಕೆ ಎರಡೇ, ಭಾನುವಾರ ಹೊಸ ವಾರ ಶುರು. ಹುಟ್ಟುಹಬ್ಬದ ಉಡುಗೊರೆ ಮಾತ್ರ ಈ ಎರಡರ ಲೆಕ್ಕಕ್ಕೆ ಬರಲ್ಲ. ಅದರ ಬೆಲೆಯೂ ಎಂಟು ಪಟ್ಟು.

ಹೇಲಿಯ ಹುಟ್ಟುಹಬ್ಬ ವಸಂತ 14. ಅವಳಿಗೆ ಡ್ಯಾಫೊಡಿಲ್ ಹೂ ಇಷ್ಟ. ಈ ಕಾಲದಲ್ಲಿ ಅದು ಊರಲ್ಲಿ, ಬಸ್ ಸ್ಟಾಪ್ ಹತ್ತಿರ ಸುಮ್ನೆ ಬಿದ್ದಿರುತ್ತದೆ, ಕಾಸು ಕೊಡಬೇಕಿಲ್ಲ. ಇವತ್ತಿನಿಂದ 23ರ ತನಕ ಹದಿನೈದು ದಿನ ತಪ್ಪದೆ ಮಾತಾಡಿಸಿದರೆ 300. ಹುಟ್ಟುಹಬ್ಬದ ಹೂವಿಗೆ 360. ಈ ವಾರ ಎರಡು, ಮುಂದಿನ ವಾರ ಎರಡು, 21 ಆದಮೇಲೆ ಎರಡು, ಹೀಗೆ ಇನ್ನಾರು ಹೂವಿಗೆ 270. ಎಲ್ಲ ಕೂಡಿಸಿದರೆ 930. ಎಪ್ಪತ್ತು ಕಮ್ಮಿ ಬೀಳುತ್ತದೆ ಕಣೋ.

ಈ ಎಂಟು ದಿನದಲ್ಲಿ ನೀನು ಅವಳನ್ನು ನಾಲ್ಕು ಸಲವಾದರೂ ಮಾತಾಡಿಸಿದ್ದರೆ ಆ ಎಪ್ಪತ್ತು ಹೊಂದಿಹೋಗುತ್ತಿತ್ತು. ಆದರೆ ನಿನ್ನ ಬಗ್ಗೆ ನನಗೆ ಗೊತ್ತಿಲ್ವಾ? ನೀರು ಹಾಕೋದು, ಮರ ಕಡಿಯೋದು, ಸುಸ್ತಾಗಿ ಬಿದ್ದು ಮಲಗೋದು. ಇಷ್ಟೇ ಆಗಿರುತ್ತದೆ.

ಆದರೂ ದಾರಿ ಇದೆ. ಮರ ಕಡಿದದ್ದು ದಂಡವಾಗಲಿಲ್ಲ. ಮರ ಕಡಿದಷ್ಟೂ, ಕಾಡಲ್ಲಿ ಬಿದ್ದದ್ದು ಆಯ್ದಷ್ಟೂ ಫೊರೇಜಿಂಗ್ ಲೆವೆಲ್ ಏರುತ್ತದೆ. ಆಗ ಆಯ್ದ ಹೂಗಳಲ್ಲಿ ಕೆಲವಕ್ಕೆ ನಕ್ಷತ್ರದ ಗುರುತು ಬರುತ್ತದೆ. ಬೆಳ್ಳಿ ನಕ್ಷತ್ರದ್ದಕ್ಕೆ ಹತ್ತನೇ ಒಂದು ಪಾಲು ಜಾಸ್ತಿ, ಬಂಗಾರದ ನಕ್ಷತ್ರದ್ದಕ್ಕೆ ಕಾಲು ಪಾಲು ಜಾಸ್ತಿ. ಬಂಗಾರದ ನಕ್ಷತ್ರದ ಒಂದೇ ಒಂದು ಡ್ಯಾಫೊಡಿಲ್ ಸಿಕ್ಕಿದರೂ ಸಾಕು, ಅದನ್ನು ಮುಟ್ಟದೆ ಪೆಟ್ಟಿಗೆಯಲ್ಲಿಟ್ಟು 14ಕ್ಕೆ ಕೊಡು. ಆಗ 360 ಇದ್ದದ್ದು 450 ಆಗುತ್ತದೆ. ಒಟ್ಟು 1020. ಈ ಆಟದಲ್ಲಿ ಹೂ ಬಾಡಲ್ಲ, ತಿಂಗಳುಗಟ್ಟಲೆ ಇಟ್ಟರೂ ಇಟ್ಟ ಹಾಗೇ ಇರುತ್ತದೆ. ಹಾಗಾಗಿ ಇವತ್ತಿನಿಂದ ಕಂಡ ಡ್ಯಾಫೊಡಿಲ್ ಯಾವುದನ್ನೂ ಮಾರಬೇಡ. ಮಾರಿದರೆ ಬರೋದು 30 ಗೋಲ್ಡ್, ಅದರಲ್ಲಿ ನೀನೇನೂ ಕೊಟ್ಟಿಗೆ ಕಟ್ಟಿಸಲ್ಲ.

ಇನ್ನು 13 ಮತ್ತು 14. ಇಲ್ಲೇ ಎಲ್ಲರೂ ಎಡವೋದು. 13ಕ್ಕೆ ಮೊಟ್ಟೆ ಹಬ್ಬ. ಅಲ್ಲಿ ಸ್ಟ್ರಾಬೆರಿ ಬೀಜ ಸಿಗುತ್ತದೆ, ಒಂದಕ್ಕೆ 100 ಗೋಲ್ಡ್. ನಾನು ಇದ್ದಬದ್ದ ದುಡ್ಡೆಲ್ಲ ಸುರಿದು ಬೀಜ ತಂದೆ. ಮಾರನೇ ದಿನ ಬೆಳಗ್ಗೆ ಎದ್ದು ಅಗೆಯೋದು, ಬಿತ್ತೋದು, ನೀರು ಹಾಕೋದು. ಶಕ್ತಿಯೆಲ್ಲ ಸೋರಿಹೋಗಿ ಮಧ್ಯಾಹ್ನಕ್ಕೇ ಹಾಸಿಗೆ. ಆ ದಿನವೇ ಹೇಲಿಯ ಹುಟ್ಟುಹಬ್ಬ ಇದ್ದದ್ದು. ಪಿಯರ್ ಅಂಗಡಿ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಅವಳ ಮುಖದ ಚಿತ್ರವೇ ಇತ್ತು. ನಾನು ಅದರ ಮುಂದೆ ದಿನಾ ಓಡಾಡಿದ್ದೇನೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಸ್ಟ್ರಾಬೆರಿ ಚೆನ್ನಾಗೇ ಬಂತು ಅನ್ನು. ಎಂಟು ದಿನಕ್ಕೆ ಮೊದಲ ಕೊಯ್ಲು, ಮತ್ತೆ ನಾಲ್ಕು ದಿನಕ್ಕೆ ಇನ್ನೊಂದು. ಕುಣಿತ ಮಾತ್ರ ಹೋಯ್ತು.

ಎರಡನೇ ವರ್ಷದ ಕತೆ ಯಾರಿಗೂ ಹೇಳಿಲ್ಲ. ನಿನಗೆ ಹೇಳ್ತೀನಿ, ನಗಬೇಡ. ಆ ಸಲ ತಾರೀಕು ನೆನಪಿತ್ತು. ಹೃದಯ ಮೂರು ತುಂಬಿ ಮೇಲೆ ಚಿಲ್ಲರೆ ಇತ್ತು. 14ರ ಬೆಳಗ್ಗೆ ಸಮುದ್ರದ ದಂಡೆಯಲ್ಲಿ ಸ್ವಲ್ಪ ಹೊತ್ತು ಮೀನು ಹಿಡಿದು, ಅಲ್ಲಿಂದ ನೇರ ಹೇಲಿ ಮನೆಗೆ ಹೋದೆ. ಹೂ ಚೀಲದಲ್ಲೇ ಇತ್ತು. ಅವಳೆದುರು ನಿಂತು ಕ್ಲಿಕ್ ಮಾಡಿದೆ. ಕೈಯಲ್ಲಿ ಇದ್ದದ್ದು ಸಾರ್ಡೀನ್.

ಹುಟ್ಟುಹಬ್ಬದ ದಿನ, ಮೀನು. ಮೀನು ಅಂದರೆ ಹೇಲಿಗೆ ಹೇಸಿಗೆ. ಬೇರೆ ದಿನವಾಗಿದ್ದರೆ 40 ಹೋಗುತ್ತಿತ್ತು. ಹುಟ್ಟುಹಬ್ಬದ ಎಂಟು ಪಟ್ಟು ಇದಕ್ಕೂ ಉಂಟಲ್ಲ, 320 ಹೋಯ್ತು. ಕೊಡಲೇ ಬೇಡವೇ ಅಂತ ಆಟ ಕೇಳಲೂ ಇಲ್ಲ. ಕೈಯಲ್ಲಿ ವಸ್ತು ಹಿಡಿದು ಒತ್ತಿದರೆ ಮುಗೀತು, ಕೊಟ್ಟಾಯ್ತು. ಒಂದು ಹೃದಯಕ್ಕಿಂತ ಜಾಸ್ತಿ ಒಂದೇ ಏಟಿಗೆ ಖಾಲಿ. ಉಳಿದ ದಿನಗಳಲ್ಲಿ ಹೂ ಹೊತ್ತು ಹೊತ್ತು ಹೇಗೋ ಮೂರಕ್ಕೆ ತಂದೆ. 24ಕ್ಕೆ ಮತ್ತೆ ಅದೇ ಊಟದ ಮೇಜು, ಅದರ ಪಕ್ಕ ನಾನು.

ಅಂದಿನಿಂದ ಅವಳ ಮನೆಗೆ ಹೋಗುವಾಗ ಕೈಗೆ ಸಿಗುವ ಸಾಲಿನಲ್ಲಿ ಹೂ ಒಂದನ್ನೇ ಇಡ್ತೀನಿ. ಮಿಕ್ಕಿದ್ದೆಲ್ಲ ಮನೆ ಪೆಟ್ಟಿಗೆಗೆ. ನೀನೂ ಹಾಗೇ ಮಾಡು. ಬರೀ ಮಾತಾಡಿಸೋ ದಿನ ಕೈಯಲ್ಲಿ ಗುದ್ದಲಿಯೋ ನೀರಿನ ಕ್ಯಾನೋ ಹಿಡಿದುಕೋ, ಅದನ್ನು ಯಾರಿಗೂ ಕೊಡೋಕೆ ಆಗಲ್ಲ.

ಅವಳ ಮನೆ ಬಾಗಿಲು ಬೆಳಗ್ಗೆ 9ಕ್ಕೆ ತೆರೆಯುತ್ತದೆ. ಸೋದರಿ ಎಮಿಲಿ ಜೊತೆ ಊರಿನ ಕೆಳಭಾಗದಲ್ಲಿ ಇದ್ದಾಳೆ. ಆರಕ್ಕೆ ಎದ್ದು ಗಿಡಕ್ಕೆ ನೀರು ಹಾಕಿ ಮುಗಿಸಿದರೆ ಅಷ್ಟು ಹೊತ್ತಿಗೆ ಸರಿಯಾಗಿ ಅಲ್ಲಿ ಇರಬಹುದು. ಮಳೆ ಬಂದ ದಿನ ನೀರು ಹಾಕೋ ಕೆಲಸವೂ ಇಲ್ಲ, ಆರಾಮಾಗಿ ಹೋಗು.

ಬಂಗಾರದ ನಕ್ಷತ್ರದ ಹೂ ಸಿಗದೇ ಹೋದರೆ? ಸಿಗದೇ ಇರೋ ಸಾಧ್ಯತೆಯೇ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಆಗ ಊರಿನ ಹುಡುಗ ಶೇನ್ ಇದ್ದಾನೆ. ನಗಬೇಡ, ಕೇಳು. ಅವನ ಹುಟ್ಟುಹಬ್ಬ ವಸಂತ 20, ಡ್ಯಾನ್ಸ್‌ಗೆ ನಾಲ್ಕು ದಿನ ಮೊದಲು. ಅವನಿಗೆ ಬಿಯರ್ ಅಂದರೆ ಪ್ರಾಣ. ಗಸ್ ಅನ್ನೋನ ಸಲೂನಿನಲ್ಲಿ, ಅಂದರೆ ಹೆಂಡದಂಗಡಿಯಲ್ಲಿ, 400 ಗೋಲ್ಡ್‌ಗೆ ಸಿಗುತ್ತದೆ. 80ರ ಎಂಟು ಪಟ್ಟು 640. ಹದಿನೈದು ದಿನದ ಮಾತಿಗೆ 300. ಇನ್ನೊಂದು ದಿನ ಇನ್ನೊಂದು ಬಿಯರ್ ಕೊಟ್ಟರೆ 80. ಒಟ್ಟು 1020, ಎರಡೇ ಬಿಯರ್ ಖರ್ಚಿನಲ್ಲಿ. ಸಂಜೆ ಅವನು ಸಲೂನಿನಲ್ಲೇ ನಿಂತಿರುತ್ತಾನೆ, ಹುಡುಕೋ ಕೆಲಸವೂ ಇಲ್ಲ. ಮೊದಮೊದಲು ನೀನ್ಯಾರು, ನನ್ನ ಹತ್ತಿರ ಯಾಕೆ ಬಂದೆ ಅನ್ನೋ ಹಾಗೆ ಸಿಡುಕುತ್ತಾನೆ. ಹೇಲಿಯ ಮೂಗು ಮುರಿಯೋದನ್ನೇ ಸಹಿಸಿದವನಿಗೆ ಇದೇನು ಮಹಾ. ಇಬ್ಬರನ್ನೂ ಮಾತಾಡಿಸ್ತಾ ಇರು, 20ರ ಹೊತ್ತಿಗೆ ಹೇಲಿ ಹೃದಯ ಎಷ್ಟಿದೆ ನೋಡಿ ತೀರ್ಮಾನ ಮಾಡು.

24ರ ದಿನದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಅವತ್ತು ಅಂಗಡಿ ವ್ಯಾಪಾರ ಯಾವುದೂ ನಂಬಬೇಡ. ಬೇಕಾದ ಬೀಜ ಹಿಂದಿನ ದಿನವೇ ತಂದಿಡು. ಬೆಳಗ್ಗೆಯೇ ಗಿಡಕ್ಕೆ ನೀರು ಹಾಕು, ಕೋಳಿ ಇದ್ದರೆ ಒಮ್ಮೆ ಸವರಿ ಹೊರಡು, ಯಾಕೆಂದರೆ ಕುಣಿತ ಮುಗಿದು ಮನೆ ಸೇರುವಾಗ ರಾತ್ರಿ 10 ಆಗಿರುತ್ತದೆ. 9ರಿಂದ ಮಧ್ಯಾಹ್ನ 2ರ ಒಳಗೆ ಅಲ್ಲಿರಬೇಕು. ಹೊಲದ ಕೆಳಗಿನ ದಾರಿಯಿಂದ ಕಾಡಿಗೆ ಇಳಿದು, ಮಾಂತ್ರಿಕನ ಗೋಪುರದ ಕಡೆ ಹೋಗಿ, ಅದರ ಕೆಳಗೆ ಸೇತುವೆ ದಾಟು. ಒಳಗೆ ಹೋದ ಮೇಲೆ ಗಡಿಯಾರ ನಿಲ್ಲುತ್ತದೆ, ಅವಸರ ಬೇಡ.

ಅಲ್ಲಿ ಪಿಯರ್ ಒಂದು ಸಣ್ಣ ಅಂಗಡಿ ಹಾಕಿರುತ್ತಾನೆ. ವಿಶೇಷ ಬೆದರುಬೊಂಬೆ ಒಂದಿದೆ, 2,500 ಗೋಲ್ಡ್. ಆ ಥರದ್ದು ಒಟ್ಟು ಎಂಟು ಕೂಡಿಸಿದರೆ ತುಂಬಾ ದೂರದವರೆಗೆ ಕಾಗೆ ಓಡಿಸೋ ದೊಡ್ಡ ಬೊಂಬೆ ಮಾಡೋ ವಿಧಾನ ಸಿಗುತ್ತದೆ. ನಿನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಹಾಗಿದೆ. ದುಡ್ಡಿದ್ದರೆ ತಗೋ, ಇಲ್ಲದಿದ್ದರೆ ಮುಂದಿನ ವರ್ಷವೂ ಬರುತ್ತದೆ.

ಕೇಳುವ ರೀತಿ ನೆನಪಿಟ್ಟುಕೋ. ಹೇಲಿಯನ್ನು ಒಮ್ಮೆ ಮಾತಾಡಿಸಿದರೆ ಏನೋ ಒಂದು ಲೋಕಾಭಿರಾಮ ಹೇಳುತ್ತಾಳೆ. ಅಷ್ಟಕ್ಕೇ ತಿರುಗಿ ಬರಬೇಡ, ಇನ್ನೊಮ್ಮೆ ಒತ್ತು. ಎರಡನೇ ಸಲಕ್ಕೆ ಕುಣಿಯೋಣವಾ ಅಂತ ಕೇಳೋ ಆಯ್ಕೆ ಬರುತ್ತದೆ. ಅವಳು ಒಪ್ಪಿದ ಮೇಲೇ ಲೂಯಿಸ್ ಹತ್ತಿರ ಹೋಗಬೇಕು. ಅವನಿಗೆ ಹೂಂ ಅಂದ ತಕ್ಷಣ ಕುಣಿತ ಶುರು. ಆಮೇಲೆ ಅಯ್ಯೋ ಅಂದರೆ ನಿಲ್ಲಿಸಲ್ಲ.

ಕುಣಿತ ತುಂಬಾ ಚಿಕ್ಕದು. ಹುಡುಗಿಯರು ಬಿಳಿ ಉಡುಪು ಹಾಕಿ ಒಂದು ಸಾಲು, ಹುಡುಗರು ನೀಲಿ ಸೂಟು ಹಾಕಿ ಇನ್ನೊಂದು ಸಾಲು. ನಮಗೆ ಮಾತ್ರ ಹೊಸ ಬಟ್ಟೆ ಇಲ್ಲ, ಹೊಲದಲ್ಲಿ ಹಾಕಿದ್ದೇ. ಮೂರನೇ ವರ್ಷ ನಾನು ಕೊನೆಗೂ ಸಾಲಿನಲ್ಲಿ ನಿಂತಾಗ ಅದೇ ಮಾಸಿದ ಅಂಗಿ. ಎದುರಿಗೆ ಹೇಲಿ. ಸಾಲು ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ, ಕೈ ಮೇಲೆ ಹೋಗುತ್ತದೆ, ಮುಗಿದೇ ಹೋಯ್ತು. ಮೂರು ವರ್ಷ ಕಾದದ್ದು ಇಷ್ಟಕ್ಕಾ ಅಂತ ಒಂದು ಕ್ಷಣ ಅನ್ನಿಸಿತು. ಆದರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಈ ಆಟದ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಎರಿಕ್ ಬರೋನ್ ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿ 2016ರಲ್ಲಿ ಬಿಟ್ಟ. ನನ್ನ ಮಾಸಿದ ಅಂಗಿಯ ಕುಣಿತಕ್ಕೂ ಅವನು ಒಂದೊಂದೇ ಹೆಜ್ಜೆ ಬಿಡಿಸಿರಬೇಕು ಅಂತ ಯೋಚನೆ ಬಂತು. ಕುಣಿದದ್ದಕ್ಕೆ ಪೂರ್ತಿ ಒಂದು ಹೃದಯವೂ ಸಿಕ್ಕಿತು.

ಬೊಕೆ, ಮದುವೆ ಎಲ್ಲ ದೂರದ ಮಾತು. ಅದಕ್ಕೆ ಇನ್ನೊಂದು ಪತ್ರ ಬರೀತೀನಿ.

ಈಗ ಆಟ ತೆರೆ. ಮಂಗಳವಾರ, ತಾರೀಕು 9, ಈ ವಾರದ ಎರಡು ಉಡುಗೊರೆ ಇನ್ನೂ ಬಾಕಿ ಇವೆ. ಬಸ್ ಸ್ಟಾಪ್ ಹತ್ತಿರ ಹೂ ಬಿದ್ದಿದೆಯಾ ನೋಡು. ಕಾಗೆ ತಿಂದ ಜಾಗಕ್ಕೆ ಬೆದರುಬೊಂಬೆ ನೆಡು. ಮತ್ತೆ 24ರ ರಾತ್ರಿ ಮನೆಗೆ ಬಂದ ಮೇಲೆ ಮಲಗೋಕೆ ಮೊದಲು ಒಂದು ಸಾಲು ಬರೆದು ಹಾಕು, ಹೇಲಿಯಾ ಶೇನಾ ಅಂತ. ಊಟದ ಮೇಜು ಅಂತಾದರೂ ಪರವಾಗಿಲ್ಲ.

ಇಂತಿ,
ಸಾರ್ಡೀನ್ ಕೊಟ್ಟ ನಿನ್ನ ಗೆಳೆಯ