ಪಂದ್ಯ ಬರುವುದಿಲ್ಲವೆಂದು ಮೊದಲೇ ತಿಳಿಸಲಿ

ಭಾರತದ ಕ್ರಿಕೆಟ್ ಪಂದ್ಯ ದೂರದರ್ಶನದಲ್ಲಿದೆ ಎಂದು ಕೇಬಲ್ ಅಥವಾ ಖಾಸಗಿ ಡಿಟಿಎಚ್ ಇರುವ ಮನೆಯವರು ಟಿ.ವಿ. ಹಾಕಿದರೆ, ಅಲ್ಲಿ ಬೇರೇನೋ ಕಾರ್ಯಕ್ರಮ ಬರುತ್ತಿರುತ್ತದೆ. ಈ ಬದಲಿ ಪ್ರಸಾರಕ್ಕೆ ಒಂದು ನಿಯಮ ಬೇಕು.

ಇದು ಕೇಬಲ್‌ನವರ ತಪ್ಪಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಎನ್ನುತ್ತದೆ 2007ರ ಕಾಯ್ದೆ. ಆದರೆ ಅದನ್ನು ದೂರದರ್ಶನ ತನ್ನ ಆಂಟೆನಾ ಜಾಲ ಮತ್ತು ತನ್ನದೇ ಉಚಿತ ಡಿಟಿಎಚ್ ಆದ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಕೇಬಲ್‌ಗೆ ಕೊಡುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೋಟಿಗಟ್ಟಲೆ ಸುರಿದು ಹಕ್ಕು ಕೊಂಡವರಿಗೆ ನಷ್ಟವಾಗಬಾರದು, ಒಪ್ಪೋಣ. ಆದರೆ ಟಿ.ವಿ. ಮುಂದೆ ಕುಳಿತ ಅಜ್ಜನಿಗೆ ಈ ತೀರ್ಪೆಲ್ಲ ಎಲ್ಲಿ ಗೊತ್ತು? ಪಕ್ಕದ ಮನೆಯ ಫ್ರೀ ಡಿಶ್‌ನಲ್ಲಿ ಸಿಕ್ಸರ್ ಸದ್ದು ಕೇಳುತ್ತದೆ, ಇಲ್ಲಿ ಅವರು ರಿಮೋಟ್ ಕೆಟ್ಟಿರಬೇಕೆಂದು ಸುಮ್ನೆ ಗುಂಡಿ ಒತ್ತುತ್ತಾ ಕೂರುತ್ತಾರೆ. ಕೇಬಲ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವವರಿಗೇ ಈ ಪಾಡು!

ಪಂದ್ಯಕ್ಕೆ ಒಂದು ದಿನ ಮೊದಲೇ, ಕೇಬಲ್‌ನಲ್ಲಿ ಪಂದ್ಯ ಇರುವುದಿಲ್ಲ, ಬದಲಿಗೆ ಇಂಥ ಕಾರ್ಯಕ್ರಮ ಬರುತ್ತದೆ ಎಂದು ಪರದೆಯ ಕೆಳಗೆ ಕನ್ನಡದಲ್ಲೂ ತೋರಿಸುವುದನ್ನು ಕಡ್ಡಾಯ ಮಾಡಬೇಕು. ಆ ಹೊತ್ತಿಗೆ ಹಳೆಯ ಕಾರ್ಯಕ್ರಮಗಳನ್ನೇ ಮತ್ತೆ ಹಾಕುವ ಬದಲು ರಾಜ್ಯಮಟ್ಟದ ಕಬಡ್ಡಿ, ಕೊಕ್ಕೊ, ಹಾಕಿ ಪಂದ್ಯಗಳನ್ನು ತೋರಿಸಬಹುದು. ಅವಕ್ಕೆ ಟಿ.ವಿ.ಯಲ್ಲಿ ಜಾಗ ಸಿಗುವುದೇ ಅಪರೂಪ, ಅಲ್ವಾ?

– ಒಬ್ಬ ಓದುಗ, ತುಮಕೂರು